ಬೀಳುವ ಹಿಮ, ಕುಸಿಯುವ ಹಿಮ

2016 ರ ಫೆಬ್ರವರಿ 3 ರಂದು ಸಿಯಾಚಿನ್ ಹಿಮನದಿಯ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆಯೊಂದು ಕುಸಿಯಿತು. ಸುಮಾರು 19,600 ಅಡಿ ಎತ್ತರದ ಆ ಠಾಣೆಯಲ್ಲಿ ಮದ್ರಾಸ್ ರೆಜಿಮೆಂಟಿನ 19 ನೆಯ ಬಟಾಲಿಯನ್ನಿಗೆ ಸೇರಿದ ಹತ್ತು ಮಂದಿ ಹೂತುಹೋದರು. ಶೋಧತಂಡ ಹಗಲಿರುಳು ಹಿಮವನ್ನು ಕಡಿಯಿತು. ಆರನೆಯ ದಿನ, ಇನ್ನು ಯಾರೂ ಉಳಿದಿರಲಾರರೆಂದು ದೇಶವೇ ತೀರ್ಮಾನಿಸಿದ್ದ ಹೊತ್ತಿನಲ್ಲಿ, ಒಬ್ಬರು ಉಸಿರಾಡುತ್ತಿದ್ದರು. ಅವರು ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರವರಿ 11 ರಂದು ಅವರು ತೀರಿಕೊಂಡರು. ಆ ಹತ್ತು ಮಂದಿಯಲ್ಲಿ ಕರ್ನಾಟಕದವರು ಮೂವರು. ಸಾತಾರಾ ಜಿಲ್ಲೆಯವರೊಬ್ಬರೂ ಇದ್ದರು. ಹೀಗಾಗಿ ಆ ವಾರ ಕೃಷ್ಣೆಯ ಆಚೆಗೂ ಈಚೆಗೂ ಒಂದೇ ಸುದ್ದಿಯನ್ನು ಜನ ಎರಡು ಭಾಷೆಗಳಲ್ಲಿ ಓದಿದರು.

ಜತ್ತ ತಾಲೂಕಿನ ಓದುಗನಿಗೆ ಇದು ಹೊಸದಲ್ಲ. ಉಮದಿಯಲ್ಲಿ, ಸಂಖದಲ್ಲಿ, ಬಿಳೂರಿನಲ್ಲಿ ಒಂದೇ ಚಹಾದಂಗಡಿಯ ಬಾಕಿನ ಮೇಲೆ ವಿಜಯಪುರದಿಂದ ಬಂದ ಕನ್ನಡ ಪತ್ರಿಕೆಯೂ ಸಾಂಗಲಿಯಿಂದ ಬಂದ ಮರಾಠಿ ಪತ್ರಿಕೆಯೂ ಅಕ್ಕಪಕ್ಕದಲ್ಲಿ ಬಿದ್ದಿರುತ್ತವೆ. ಎರಡನ್ನೂ ಓದಬಲ್ಲವನು ಎರಡನ್ನೂ ತೂಗಿ ನೋಡುತ್ತಾನೆ. ಗಡಿನಾಡಿನ ಶಾಲೆಗಳು ಬೇರೇನು ಕೊಟ್ಟರೂ ಕೊಡದಿದ್ದರೂ ಈ ತಕ್ಕಡಿಯನ್ನು ಕೊಟ್ಟಿವೆ. ಆ ವಾರ ತಕ್ಕಡಿಯಲ್ಲಿ ಒಂದು ಪದ ಹಗುರಾಗಿ ಮೇಲೆದ್ದಿತು. ಮರಾಠಿ ಪತ್ರಿಕೆಗಳು ‘ಹಿಮಸ್ಖಲನ’ ಎಂದು ಬರೆದಲ್ಲಿ ಕನ್ನಡ ಪತ್ರಿಕೆಗಳು ಬಹುಮಟ್ಟಿಗೆ ‘ಹಿಮಪಾತ’ ಎಂದು ಬರೆದವು.

ಪಾತವೆಂದರೆ ಬೀಳುವಿಕೆ. ಉಲ್ಕಾಪಾತ, ಅಶನಿಪಾತ, ಜಲಪಾತ ಎಂಬಲ್ಲೆಲ್ಲ ಮೇಲಿನದೊಂದು ಕೆಳಕ್ಕೆ ಬೀಳುತ್ತದೆ. ಹಿಮಪಾತವೆಂದರೆ ಆಕಾಶದಿಂದ ಹಿಮ ಉದುರುವುದು. ಮಳೆ ಬೀಳುವಂತೆ ಅದೂ ಬೀಳುತ್ತದೆ. ಸಿಮ್ಲಾದಲ್ಲಿ ಪ್ರವಾಸಿಗರು ಕೈಚಾಚಿ ಹಿಡಿಯುವುದು ಹಿಮಪಾತವನ್ನು. ಸೋನಮ್ ಠಾಣೆಯಲ್ಲಿ ನಡೆದದ್ದು ಅದಲ್ಲ. ಅಲ್ಲಿ ಇಳಿಜಾರಿನಲ್ಲಿ ಮೊದಲೇ ನೆಲೆನಿಂತಿದ್ದ ಹಿಮರಾಶಿ ತನ್ನ ಹಿಡಿತವನ್ನು ಕಳೆದುಕೊಂಡು ಕುಸಿಯಿತು. ಒಂದು ಹವಾಮಾನದ ಸಂಗತಿ, ಇನ್ನೊಂದು ನೆಲದ ಸಂಗತಿ. ಕನ್ನಡದಲ್ಲಿ ಭೂಮಿ ಹೀಗೆ ಜಾರಿದಾಗ ‘ಭೂಕುಸಿತ’ ಎನ್ನುತ್ತಾರೆ. 2018 ರಲ್ಲಿ ಕೊಡಗಿನ ಬೆಟ್ಟಗಳು ಜಾರಿದಾಗ ಯಾವ ವರದಿಗಾರನೂ ಅದನ್ನು ‘ಮಣ್ಣಿನ ಮಳೆ’ ಎಂದು ಕರೆಯಲಿಲ್ಲ. ಅದೇ ಮಾದರಿಯ ‘ಹಿಮಕುಸಿತ’ ಎಂಬ ಪದ ಕನ್ನಡದಲ್ಲಿ ಇದೆ, ಅಲ್ಲೊಮ್ಮೆ ಇಲ್ಲೊಮ್ಮೆ ಬಳಕೆಯೂ ಆಗುತ್ತದೆ. ಮರಾಠಿಯ ಸ್ಖಲನವನ್ನು ಎರವಲು ತರುವ ಅಗತ್ಯವಿಲ್ಲ. ಕನ್ನಡದಲ್ಲಿ ಆ ಪದಕ್ಕೆ ಅಂಟಿರುವ ಬೇರೆಯ ಅರ್ಥವನ್ನು ತರಗತಿಯ ಹಿಂದಿನ ಸಾಲು ಮರೆಯಲು ಬಿಡುವುದೂ ಇಲ್ಲ. ಕೈಯಲ್ಲಿರುವ ಪದವನ್ನು ಬಿಟ್ಟು ಸಲ್ಲದ ಪದವನ್ನು ಹಿಡಿದಿರುವುದೇ ಇಲ್ಲಿಯ ಆಕ್ಷೇಪ.

ಇದು ವೈಯಾಕರಣನ ಕೊಂಕು, ಸತ್ತವರ ಎದುರಿನಲ್ಲಿ ಪದಚರ್ಚೆ ತರವಲ್ಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸಂಕೋಚದ ಸೌಜನ್ಯವಿದೆ, ನಿಜ. ಆದರೆ ಪದವೊಂದು ಘಟನೆಯ ಹೆಸರನ್ನು ಮಾತ್ರ ಹೇಳುವುದಿಲ್ಲ. ಅದು ಹೇಗಾಯಿತು, ಯಾರಿಂದಾಯಿತು, ತಪ್ಪಿಸಬಹುದಾಗಿತ್ತೇ ಎಂಬುದನ್ನೂ ಸದ್ದಿಲ್ಲದೆ ಹೇಳಿಬಿಡುತ್ತದೆ. ಆಕಾಶದಿಂದ ಬೀಳುವುದಕ್ಕೆ ಮನುಷ್ಯ ಹೊಣೆಯಲ್ಲ. ಹಿಮಪಾತವೆಂದೊಡನೆ ಓದುಗ ತಲೆಯೆತ್ತಿ ಮೇಲೆ ನೋಡುತ್ತಾನೆ, ದೈವವನ್ನು ನೆನೆಯುತ್ತಾನೆ, ಪುಟ ತಿರುವುತ್ತಾನೆ. ಹಿಮಕುಸಿತವೆಂದರೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಇಳಿಜಾರು ಎಷ್ಟು ಕಡಿದಾಗಿತ್ತು? ಹೊಸ ಹಿಮ ಎಷ್ಟು ಕೂಡಿತ್ತು? ಗಾಳಿ ಯಾವ ಕಡೆಯಿಂದ ಬೀಸಿತ್ತು? ಅದರ ಮೇಲೆ ಯಾರು ಕಾಲಿಟ್ಟರು?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು. ವಿನೋದಕ್ಕಾಗಿ, ಸಾಹಸಕ್ಕಾಗಿ ಹಿಮಬೆಟ್ಟಗಳಿಗೆ ಹೋದವರ ಅಪಘಾತಗಳನ್ನು ಪರಿಶೀಲಿಸಿದ ತಜ್ಞರು ಬಹುಕಾಲದಿಂದ ಒಂದು ಮಾತನ್ನು ಹೇಳುತ್ತ ಬಂದಿದ್ದಾರೆ. ಹಿಮಕುಸಿತಕ್ಕೆ ಸಿಕ್ಕವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಪ್ರಸಂಗಗಳಲ್ಲಿ ಆ ಕುಸಿತವನ್ನು ಎಬ್ಬಿಸಿದವರು ಸಿಕ್ಕವರೇ, ಇಲ್ಲವೆ ಅವರ ಜೊತೆಗಾರರೇ. ಬೆಟ್ಟ ತಾನಾಗಿ ಅವರ ಮೇಲೆ ಬೀಳಲಿಲ್ಲ. ಬೀಳಲು ಸಿದ್ಧವಾಗಿದ್ದ ಬೆಟ್ಟದ ಮೇಲೆ ಅವರು ಭಾರ ಹಾಕಿದರು.

ಇದು ಹೇಗೆಂಬುದನ್ನು ಹಿಮವನ್ನು ಕಾಣದ ನಾಡಿನವರಿಗೂ ತಿಳಿಸಬಹುದು. ಒಂದು ಓರೆಯಾದ ಹಲಗೆಯ ಮೇಲೆ ಸಜ್ಜೆಯ ಕಾಳನ್ನು ತೆಳ್ಳಗೆ ಹರಡಿ, ಅದರ ಮೇಲೆ ಒಂದು ಹಾಸುಗಲ್ಲನ್ನು ಇಟ್ಟಂತೆ ಭಾವಿಸಬೇಕು. ಕಲ್ಲು ನಿಂತಿರುತ್ತದೆ, ನೋಡಿದವರಿಗೆ ಭದ್ರವಾಗಿಯೇ ಕಾಣುತ್ತದೆ. ಅದರ ಮೇಲೊಂದು ಕೋಳಿ ಹಾರಿ ಕುಳಿತರೂ ಸಾಕು, ಕೆಳಗಿನ ಕಾಳು ಉರುಳಿ ಕಲ್ಲು ಇಡಿಯಾಗಿ ಜಾರುತ್ತದೆ. ಚಳಿಗಾಲದ ಬೆಟ್ಟದಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ಮೊದಲು ಬಿದ್ದ ತೆಳುವಾದ ಹಿಮ ನೆಲದ ಬಿಸುಪಿಗೂ ಮೇಲಿನ ಕಡುಚಳಿಗೂ ನಡುವೆ ಸಿಕ್ಕಿ, ವಾರಗಟ್ಟಲೆ ಕಳೆದಂತೆ ಒಂದಕ್ಕೊಂದು ಅಂಟದ ಸಕ್ಕರೆಯಂಥ ಹರಳುಗಳಾಗಿ ಮಾರ್ಪಡುತ್ತದೆ. ಅದರ ಮೇಲೆ ಹೊಸ ಹಿಮ ಬೀಳುತ್ತದೆ. ಗಾಳಿ ಒಂದು ಪಕ್ಕದ ಹಿಮವನ್ನು ಗುಡಿಸಿ ತಂದು ಇನ್ನೊಂದು ಪಕ್ಕದಲ್ಲಿ ಒತ್ತಿ ಪೇರಿಸುತ್ತದೆ. ಗಟ್ಟಿಯಾದ ಹಾಸೊಂದು ಸಿದ್ಧವಾಗುತ್ತದೆ. ಇಂಥ ಹಾಸುಗಳು ಬಹುಮಟ್ಟಿಗೆ 30 ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಕಳಚುತ್ತವೆ. ಅದಕ್ಕಿಂತ ಕಡಿದಾದಲ್ಲಿ ಹಿಮ ರಾಶಿಗೊಳ್ಳುವ ಮೊದಲೇ ಚೂರುಚೂರಾಗಿ ಉದುರಿಹೋಗುತ್ತದೆ, ಅದಕ್ಕಿಂತ ಸಪಾಟಾದಲ್ಲಿ ಜಾರಲಾರದು. ಕಣದಲ್ಲಿ ಜೋಳದ ರಾಶಿಯನ್ನು ಏರಿಸಿದವನಿಗೆ ಇದರ ಅರ್ಧ ಪಾಠ ಗೊತ್ತು: ರಾಶಿ ಒಂದು ಮಟ್ಟದವರೆಗೆ ಏರುತ್ತದೆ, ಆಮೇಲೆ ಹಾಕಿದ ಬುಟ್ಟಿಯೆಲ್ಲ ಪಕ್ಕಕ್ಕೆ ಜಾರುತ್ತದೆ. ಉಳಿದರ್ಧ ಪಾಠವೆಂದರೆ ಹಿಮಕ್ಕೆ ಜೋಳದ ಪ್ರಾಮಾಣಿಕತೆಯಿಲ್ಲ. ಅದು ಏರುವ ಮಟ್ಟವನ್ನು ಮೀರಿಯೂ ನಿಂತಿರುತ್ತದೆ, ಯಾರಾದರೂ ಬರುವವರೆಗೆ.

ಬೆಟ್ಟ ಸುಳಿವು ಕೊಡದೆ ಇರುವುದಿಲ್ಲ. ಪಕ್ಕದ ಇಳಿಜಾರಿನಲ್ಲಿ ಹೊಸದಾಗಿ ಕುಸಿದ ಗುರುತು ಇದ್ದರೆ ಅದು ಎಲ್ಲಕ್ಕಿಂತ ದೊಡ್ಡ ಸುಳಿವು. ಕಾಲಿಟ್ಟಾಗ ಹಿಮದೊಳಗಿನಿಂದ ದೊಡ್ಡ ಕಣಜದ ಮುಚ್ಚಳ ಕುಸಿದಂತೆ ‘ಧುಂ’ ಎಂಬ ಒಳಗಿನ ಸದ್ದು ಬಂದರೆ, ಹೆಜ್ಜೆಯಿಂದ ಬಿರುಕು ಚಾಚಿ ಮುಂದೆ ಓಡಿದರೆ, ಒಂದೇ ದಿನದಲ್ಲಿ ಮೊಳದಷ್ಟು ಹಿಮ ಬಿದ್ದಿದ್ದರೆ, ರಾತ್ರಿಯೆಲ್ಲ ಗಾಳಿ ಬೀಸಿದ್ದರೆ, ಮುಂಜಾನೆ ಹೊಳಪಾಗಿ ಬಿಸಿಲೇರಿ ಚಳಿ ಥಟ್ಟನೆ ಇಳಿದರೆ ಹಿಂದಿರುಗಬೇಕು. ಕೊನೆಯದು ಮೈದಾನದವನನ್ನು ಮೋಸಗೊಳಿಸುತ್ತದೆ. ಬಿರುಗಾಳಿ ನಿಂತು ನೀಲಿ ಆಕಾಶ ತೆರೆದ ಮುಂಜಾವು ಅವನಿಗೆ ಹೊರಡುವ ಶುಭಮುಹೂರ್ತವಾಗಿ ಕಾಣುತ್ತದೆ. ಬಲ್ಲವರು ಆ ದಿನವನ್ನೇ ಹೆಚ್ಚು ಅಂಜುತ್ತಾರೆ.

ಇಲ್ಲಿ ಒಂದು ಭೇದವನ್ನು ಮಾಡದಿದ್ದರೆ ಅನ್ಯಾಯವಾದೀತು. ಸಿಯಾಚಿನ್‌ನ ಯೋಧರು ಅಲ್ಲಿಗೆ ತಮ್ಮ ಆಯ್ಕೆಯಿಂದ ಹೋದವರಲ್ಲ. ಹಿಂದಿರುಗುವ ಸ್ವಾತಂತ್ರ್ಯವೂ ಅವರಿಗಿರಲಿಲ್ಲ. ತರಬೇತಿ ಅವರಿಗಿತ್ತು, ಎಚ್ಚರವೂ ಇತ್ತು. 1984 ರಿಂದ ಆ ಹಿಮನದಿಯಲ್ಲಿ ಶತ್ರುವಿನ ಗುಂಡಿಗಿಂತ ಹೆಚ್ಚು ಮಂದಿಯನ್ನು ಬಲಿ ಪಡೆದುದು ಹವೆ, ಎತ್ತರ ಮತ್ತು ಹಿಮವೇ. ಹನುಮಂತಪ್ಪನವರ ಸಾವನ್ನು ‘ಎಚ್ಚರ ತಪ್ಪಿದ’ ಸಾವೆಂದು ಓದುವವನು ಹಿಮವನ್ನೂ ತಿಳಿದಿಲ್ಲ, ಸೈನಿಕನನ್ನೂ ತಿಳಿದಿಲ್ಲ. ಆ ಸಾವಿನ ಹಿಂದೆ ಕೇಳಬೇಕಾದ ಪ್ರಶ್ನೆ ಠಾಣೆಯನ್ನು ಅಲ್ಲಿ ಇಡುವುದು ಅನಿವಾರ್ಯವೇ ಎಂಬುದು. ಅದು ಎರಡು ದೇಶಗಳ ರಾಜಕಾರಣದ ಪ್ರಶ್ನೆ. ‘ಪಾತ’ ಎಂಬ ಪದ ಆ ಪ್ರಶ್ನೆಯನ್ನೂ ಆಕಾಶಕ್ಕೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತದೆ ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ ಮಾತು.

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ಹಿಮಾಲಯದ ಸಾವು ಪಠ್ಯದ ಮೂಲಕವೇ ಪರಿಚಿತ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಶ್ರಯದ ತಿಮ್ಮಣ್ಣ ಕವಿ ಸ್ವರ್ಗಾರೋಹಣದವರೆಗೆ ಕೊಂಡೊಯ್ದ. ಆ ಮಹಾಪ್ರಸ್ಥಾನದಲ್ಲಿ ಪಾಂಡವರು ಉತ್ತರದ ಹಿಮಗಿರಿಯನ್ನು ಏರುತ್ತಾರೆ. ಮೊದಲು ದ್ರೌಪದಿ ಬೀಳುತ್ತಾಳೆ, ಅನಂತರ ಸಹದೇವ, ನಕುಲ, ಅರ್ಜುನ, ಭೀಮ. ಒಬ್ಬೊಬ್ಬರು ಬಿದ್ದಾಗಲೂ ಭೀಮ ಕಾರಣವನ್ನು ಕೇಳುತ್ತಾನೆ, ಧರ್ಮಜ ಒಂದೊಂದು ದೋಷವನ್ನು ಹೇಳುತ್ತಾನೆ: ಒಬ್ಬಳಿಗೆ ಪಕ್ಷಪಾತ, ಒಬ್ಬನಿಗೆ ಜಾಣತನದ ಗರ್ವ, ಒಬ್ಬನಿಗೆ ರೂಪದ್ದು, ಒಬ್ಬನಿಗೆ ಬಿಲ್ಲಿನದು, ಕೇಳುತ್ತಿದ್ದವನಿಗೇ ಹೊಟ್ಟೆಬಾಕತನ. ಹೇಳಿ ಅವನು ಹಿಂದಿರುಗಿ ನೋಡದೆ ಮುಂದೆ ನಡೆಯುತ್ತಾನೆ. ಕಾವ್ಯವಾಗಿ ಅದು ಅದ್ಭುತ. ಸರ್ವಸಂಗಪರಿತ್ಯಾಗದ ಚಿತ್ರವಾಗಿ ಅದಕ್ಕೆ ಸಾಟಿಯಿಲ್ಲ. ಬೆಟ್ಟದಲ್ಲಿ ನಡೆಯುವ ರೀತಿಯಾಗಿ ಮಾತ್ರ ಅದು ಪೂರ್ತಿ ತಲೆಕೆಳಗು. ಅಪಾಯದ ಇಳಿಜಾರನ್ನು ದಾಟುವ ಮೊದಲ ನಿಯಮವೆಂದರೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗದೆ ಒಬ್ಬೊಬ್ಬರಾಗಿಯೇ ದಾಟುವುದು. ದಾಟುವವನ ಮೇಲೆ ಉಳಿದವರೆಲ್ಲರೂ ಕಣ್ಣಿಟ್ಟು ಸುರಕ್ಷಿತವಾದ ಜಾಗದಲ್ಲಿ ನಿಂತಿರುವುದು. ಹಿಮ ಅವನನ್ನು ಹೊತ್ತೊಯ್ದರೆ ಕೊನೆಗೆ ಕಂಡ ಜಾಗ ಯಾವುದೆಂದು ನೆನಪಿಟ್ಟವರು ಮಾತ್ರ ಅವನನ್ನು ಹುಡುಕಬಲ್ಲರು. ಹಿಂದಿರುಗಿ ನೋಡದ ಧರ್ಮರಾಯ ಸ್ವರ್ಗವನ್ನು ಸೇರಬಹುದು, ಮಾರ್ಗದರ್ಶಕನ ಕೆಲಸಕ್ಕೆ ಯೋಗ್ಯನಲ್ಲ.

ಆ ಕಥೆಯ ನೆನಪನ್ನು ಹೆಸರಿನಲ್ಲೇ ಹೊತ್ತ ಶಿಖರವೊಂದು ಉತ್ತರಾಖಂಡದ ಉತ್ತರಕಾಶಿಯ ಬಳಿ ಇದೆ: ದ್ರೌಪದಿ ಕಾ ಡಾಂಡಾ. 2022 ರ ಅಕ್ಟೋಬರ್ 4 ರಂದು ಅದರ ಎರಡನೆಯ ಶಿಖರದ ಕೆಳಗೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡದ ಮೇಲೆ ಹಿಮ ಕುಸಿದು 29 ಮಂದಿ ಇಲ್ಲವಾದರು. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಶಿಖರಗಳನ್ನೇರಿ ಬಂದಿದ್ದ ಬೋಧಕಿ ಸವಿತಾ ಕಂಸ್ವಾಲ್ ಅವರೂ, ಕರ್ನಾಟಕದ ಪ್ರಶಿಕ್ಷಣಾರ್ಥಿಗಳೂ ಅವರಲ್ಲಿದ್ದರು. ಹಿಮವನ್ನು ಬಲ್ಲವರೇ, ಹಿಮವನ್ನು ಕಲಿಸುವ ಸಂಸ್ಥೆಯವರೇ ಹೀಗೆ ಹೋದರೆಂದ ಮೇಲೆ ತಿಳಿವಳಿಕೆಯಿಂದ ಏನು ಬಂತು ಎಂದು ಕೇಳುವುದು ಸಹಜ. ತಿಳಿವಳಿಕೆ ಅಪಾಯವನ್ನು ಅಳಿಸುವುದಿಲ್ಲ. ಭಾವಿಗೆ ಇಳಿಯಬಲ್ಲ ಹಗ್ಗ ಹರಿದ ಉದಾಹರಣೆಗಳಿವೆ ಎಂದು ಜತ್ತದಲ್ಲಿ ಯಾರೂ ಹಗ್ಗವಿಲ್ಲದೆ ಭಾವಿಗೆ ಇಳಿಯುವುದಿಲ್ಲ.

ಮತ್ತೆರಡು ವರ್ಷ ಕಳೆಯುವಷ್ಟರಲ್ಲಿ ಪದದ ಪ್ರಶ್ನೆ ಇನ್ನೊಂದು ಮುಖದಿಂದ ಬಂದಿತು. 2024 ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಹೋಗಿದ್ದ 22 ಮಂದಿಯ ಚಾರಣತಂಡ ಮರಳುವ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು, ಮಹಾರಾಷ್ಟ್ರದವರೊಬ್ಬರು, ಜೊತೆಗೆ ಸ್ಥಳೀಯ ಮಾರ್ಗದರ್ಶಕರು. ಒಂಬತ್ತು ಮಂದಿ ಚಳಿಯಲ್ಲಿ ಪ್ರಾಣ ಬಿಟ್ಟರು. ಕರ್ನಾಟಕ ಸರಕಾರ ತನ್ನ ಸಚಿವರೊಬ್ಬರನ್ನು ದೆಹರಾದೂನಿಗೆ ಕಳುಹಿಸಿ ಉಳಿದವರನ್ನು ಕರೆತಂದಿತು. ಅಲ್ಲಿ ಯಾವ ಇಳಿಜಾರೂ ಕುಸಿಯಲಿಲ್ಲ. ಗಾಳಿ, ಹಿಮ, ದಾರಿ ಕಾಣದ ಮಬ್ಬು, ಒದ್ದೆಯಾದ ಮೈ ಇವೇ ಕೊಂದವು. ಹಿಮಪಾತ ಎಂಬ ಪದ ತನ್ನ ನಿಜವಾದ ಅರ್ಥದಲ್ಲಿ ಬೇಕಾಗಿದ್ದದ್ದು ಅಂದು. ಅಷ್ಟರಲ್ಲಿ ಅದನ್ನು ಸಿಯಾಚಿನ್‌ಗೆ ಖರ್ಚುಮಾಡಿ ಆಗಿತ್ತು. ಎರಡು ಬೇರೆಬೇರೆ ಸಾವುಗಳಿಗೆ, ಎರಡು ಬೇರೆಬೇರೆ ಎಚ್ಚರಗಳನ್ನು ಬೇಡುವ ಅಪಾಯಗಳಿಗೆ, ಒಂದೇ ಚೀಟಿ ಅಂಟಿಸಿದರೆ ಕನ್ನಡದಲ್ಲಿ ಮಾತ್ರ ಓದುವವನು ಯಾವುದರಿಂದ ಏನು ಕಲಿಯಬೇಕು? ಹಿಮಗಾಳಿಗೆ ಬೇಕಾದದ್ದು ಬೆಚ್ಚನೆಯ ಒಣಬಟ್ಟೆ, ಗುಡಾರ, ಬೇಗನೆ ನಿಲ್ಲುವ ನಿರ್ಧಾರ. ಕುಸಿತಕ್ಕೆ ಬೇಕಾದದ್ದು ಇಳಿಜಾರಿನ ಆಯ್ಕೆ. ಹಿಮಗಾಳಿಯಲ್ಲಿ ಗುಂಪಾಗಿ ಒತ್ತಿ ಕೂರುವುದು ಜೀವ ಉಳಿಸುತ್ತದೆ. ಕುಸಿಯುವ ಇಳಿಜಾರಿನ ಕೆಳಗೆ ಗುಂಪಾಗಿ ಕೂರುವುದು ಎಲ್ಲರನ್ನೂ ಒಟ್ಟಿಗೇ ಹೂಳುತ್ತದೆ.

ಮಳೆಗೇ ಗತಿಯಿಲ್ಲದ ಜತ್ತದಲ್ಲಿ ಹಿಮದ ಮಾತೇಕೆ ಎಂಬ ಆಕ್ಷೇಪವೂ ಬರಬಹುದು. ನೀರಿಗಾಗಿ ರಾಜ್ಯವನ್ನೇ ಬದಲಿಸುತ್ತೇವೆಂದು ಹಳ್ಳಿಗಳು ಗುಡುಗಿದ ತಾಲೂಕು ಇದು. ಇಲ್ಲಿ ಆಕಾಶದಿಂದ ಬೀಳುವ ಗಟ್ಟಿನೀರೆಂದರೆ ಆಣೆಕಲ್ಲೊಂದೇ, ಅದೂ ದ್ರಾಕ್ಷಿಯ ಗೊನೆ ಹಣ್ಣಾಗುವ ಹೊತ್ತಿಗೇ ಬಂದು ಬೀಳುತ್ತದೆ. ಉಳಿದದ್ದು ಗುಡ್ಡಾಪುರದ ದಾನಮ್ಮನ ಜಾತ್ರೆಯಲ್ಲಿ ಬಣ್ಣದ ನೀರು ಸುರಿದು ಕೊಡುವ ಬರ್ಫ. ‘ಮಂಜು’ ಎಂದರೆ ಇಲ್ಲಿನ ತೋಟಗಾರ ಔಷಧಿ ಸಿಂಪಡಿಸುವ ಪಂಪು ಹುಡುಕುತ್ತಾನೆ, ಏಕೆಂದರೆ ಮಂಜು ಬಿದ್ದ ಬೆಳಗು ಎಲೆಗೆ ರೋಗ ತರುವ ಬೆಳಗು. ಕನ್ನಡದ ಈ ಒಂದು ಪದ ಇಬ್ಬನಿಯಿಂದ ಹಿಡಿದು ಕಾವಳದವರೆಗೆ, ಸಿಮ್ಲಾದ ಹಿಮದಿಂದ ಹಿಡಿದು ಸಿಯಾಚಿನ್‌ನ ಗೆಡ್ಡೆಯವರೆಗೆ ಎಲ್ಲವನ್ನೂ ಹೊತ್ತು ಬೆನ್ನು ಬಾಗಿಸಿಕೊಂಡಿದೆ. ಹಿಮ ಬೀಳದ ನಾಡಿನ ನುಡಿಗೆ ಹಿಮದ ಪದಗಳಿಲ್ಲದಿರುವುದು ಅದರ ಕೊರತೆಯಲ್ಲ. ಸಮುದ್ರವಿಲ್ಲದ ಜತ್ತದಲ್ಲಿ ಮೀನಿನ ಹೆಸರುಗಳೂ ಕಡಿಮೆಯೇ.

ಆದರೆ ಮಾತನಾಡುವವರು ಇದ್ದಲ್ಲಿಯೇ ಇಲ್ಲ. ಮರಾಠಾ ಲಘು ಪದಾತಿದಳದ ರೆಜಿಮೆಂಟಲ್ ಕೇಂದ್ರ ಬೆಳಗಾವಿಯಲ್ಲಿದೆ. ಬರಗಾಲದ ಊರುಗಳಿಂದ ಅಲ್ಲಿಗೆ ಭರ್ತಿಯಾಗಲು ಓಡುವ ಹುಡುಗರು ಕನ್ನಡದಲ್ಲಿ ಅವ್ವನಿಗೆ ಫೋನು ಮಾಡುತ್ತಾರೆ, ಮರಾಠಿಯಲ್ಲಿ ಜೊತೆಗಾರರೊಂದಿಗೆ ಹರಟುತ್ತಾರೆ, ಹಿಂದಿಯಲ್ಲಿ ಆದೇಶ ಕೇಳುತ್ತಾರೆ. ಪುಣೆಗೂ ಬೆಂಗಳೂರಿಗೂ ಕೆಲಸಕ್ಕೆ ಹೋದವರು ಡಿಸೆಂಬರಿನ ರಜೆಯಲ್ಲಿ ಉತ್ತರಾಖಂಡದ ಹಿಮಚಾರಣಕ್ಕೆ ಹೆಸರು ಹಚ್ಚುತ್ತಾರೆ. ಸಹ್ಯಾದ್ರಿಯ ಕೋಟೆಗಳನ್ನು ಹತ್ತಿದ ಅನುಭವ ಅವರಿಗೆ ಧೈರ್ಯ ಕೊಡುತ್ತದೆ, ಮತ್ತು ಆ ಧೈರ್ಯ ಅಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ: ಸಹ್ಯಾದ್ರಿಯಲ್ಲಿ ಕಾಲು ಜಾರುತ್ತದೆ, ಹಿಮಾಲಯದಲ್ಲಿ ಕಾಲಿನ ಕೆಳಗಿನ ಬೆಟ್ಟವೇ ಜಾರುತ್ತದೆ. ಇನ್ನು ಯಾತ್ರಿಕರ ಮಾತು ಹೇಳಬೇಕಾಗಿಯೇ ಇಲ್ಲ.

ಯಾತ್ರೆಯ ಸಂಪ್ರದಾಯವೇ ಇಲ್ಲಿ ಒಂದು ಒಳ್ಳೆಯ ಪಾಠವನ್ನು ಇಟ್ಟುಕೊಂಡಿದೆ. ಕೇದಾರನಾಥದ ರಾವಲರು ಪರಂಪರೆಯಿಂದ ದಕ್ಷಿಣದ ವೀರಶೈವ ಜಂಗಮರು. ಕನ್ನಡ ನಾಡಿಗೂ ಆ ಬೆಟ್ಟಕ್ಕೂ ಶತಮಾನಗಳ ನಂಟು. ಸುಮಾರು 3,580 ಮೀಟರ್ ಎತ್ತರದ ಆ ದೇವಾಲಯ ವರ್ಷವಿಡೀ ತೆರೆದಿರುವುದಿಲ್ಲ. ದೀಪಾವಳಿ ಮುಗಿದು ಸೋದರಬಿದಿಗೆಯ ಹೊತ್ತಿಗೆ ಬಾಗಿಲು ಮುಚ್ಚಿ, ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿ ಊಖೀಮಠಕ್ಕೆ ಇಳಿಸಿ ತರುತ್ತಾರೆ. ಚಳಿಗಾಲದ ಪೂಜೆಯೆಲ್ಲ ಅಲ್ಲಿಯೇ. ಅಕ್ಷಯತದಿಗೆಯ ಆಸುಪಾಸಿನಲ್ಲಿ ಮತ್ತೆ ಪಲ್ಲಕ್ಕಿ ಮೇಲೇರುತ್ತದೆ. ಕೇದಾರೇಶ್ವರನೇ ಆರು ತಿಂಗಳು ಬೆಟ್ಟ ಬಿಟ್ಟು ಇಳಿಯುತ್ತಾನೆ. ಚಳಿಗಾಲದ ಹಿಮದಲ್ಲಿ ಸುರಕ್ಷಿತವಾಗಿ ನಡೆಯುವ ಮೊದಲ ಬಗೆ ನಡೆಯದಿರುವುದೇ ಎಂಬುದನ್ನು ಬೆಟ್ಟದ ಜನ ಧರ್ಮದ ಆಚಾರವನ್ನಾಗಿ ಮಾಡಿಕೊಂಡರು. ಬಾಗಿಲು ತೆರೆದ ಮೇಲೂ ಅಪಾಯ ಮುಗಿಯುವುದಿಲ್ಲ. ಗೌರೀಕುಂಡದಿಂದ ಏರುವ ಕಾಲುದಾರಿಯನ್ನು ಕೆಲವು ‘ಗದೇರಾ’ಗಳು ಅಡ್ಡ ಹಾಯುತ್ತವೆ, ಗಢವಾಲದವರು ಕಡಿದಾದ ಹಳ್ಳಕ್ಕೆ ಹೇಳುವ ಹೆಸರದು. ಮೇಲಿನ ಹಿಮ ಜಾರಿ ಬರುವುದು ಇವುಗಳ ಮೂಲಕವೇ. 2023 ರ ಮೇ ತಿಂಗಳಲ್ಲಿ ಭೈರವ ಗದೇರಾದಲ್ಲಿಯೂ ಕುಬೇರ ಗದೇರಾದಲ್ಲಿಯೂ ಹಿಮ ಜಾರಿ ದಾರಿ ಮುಚ್ಚಿಹೋಗಿ ಯಾತ್ರೆ ನಿಂತಿತ್ತು. ಆ ಹಳ್ಳಗಳ ಬಾಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಯಾತ್ರಿಕನಿಗೆ ತಾನು ನಿಂತದ್ದು ಎಂಥ ಜಾಗವೆಂದು ಅವನ ಭಾಷೆಯಲ್ಲಿ ಯಾರಾದರೂ ಹೇಳಬೇಕು.

ಹೇಳಬೇಕಾದವರು ಅನುವಾದಕರು, ಉಪಸಂಪಾದಕರು, ಪ್ರಕಟಣೆ ಬರೆಯುವವರು. ಎಂದರೆ ನಾಳೆ ಕನ್ನಡ ಐಚ್ಛಿಕದಿಂದ ಹೊರಬೀಳುವವರು. ಅವರ ಕೈಗೆ ಬರಲಿರುವ ಒಂದು ಕೆಲಸವನ್ನೇ ನೋಡಬಹುದು. ಭಾರತದಲ್ಲಿ ಹಿಮಕುಸಿತದ ಮುನ್ಸೂಚನೆಯನ್ನು ಕೊಡುವುದು ರಕ್ಷಣಾ ಸಂಶೋಧನಾ ಇಲಾಖೆಯ ಚಂಡೀಗಢದ ಸಂಸ್ಥೆ. ಅದರ ಮೂಲ 1969 ರಲ್ಲಿ ಮನಾಲಿಯಲ್ಲಿ ಆರಂಭವಾದ ಹಿಮ ಅಧ್ಯಯನ ಕೇಂದ್ರದಲ್ಲಿದೆ. ಜಗತ್ತಿನ ಹಲವು ದೇಶಗಳಲ್ಲಿ ಈ ಅಪಾಯವನ್ನು ಐದು ಹಂತಗಳಲ್ಲಿ ಅಳೆಯುತ್ತಾರೆ. ಐದರಲ್ಲಿ ಮೂರನೆಯದನ್ನು ಕನ್ನಡಕ್ಕೆ ತರುವಾಗ ಅವಸರದ ಅನುವಾದಕನ ಕೈ ತಾನಾಗಿ ‘ಮಧ್ಯಮ ಅಪಾಯ’ ಎಂದು ಬರೆಯುತ್ತದೆ. ಮೂರು ಎಂಬುದು ಐದರ ನಡುವಿನದಲ್ಲವೇ? ಎಣಿಕೆಯಲ್ಲಿ ಹೌದು. ಹಂತದಿಂದ ಹಂತಕ್ಕೆ ಅಪಾಯ ಒಂದೊಂದೇ ಮೆಟ್ಟಿಲಾಗಿ ಏರದೆ ಇಮ್ಮಡಿ ಮುಮ್ಮಡಿಯಾಗಿ ಏರುತ್ತದೆ. ಮೂರನೆಯ ಹಂತದಲ್ಲಿ ಒಬ್ಬನೇ ನಡೆಯುವವನ ಭಾರಕ್ಕೂ ಹಾಸು ಕಳಚಬಹುದು. ಐದನೆಯ ಹಂತದ ದಿನ ಯಾರೂ ಹೊರಡುವುದಿಲ್ಲ, ಹೀಗಾಗಿ ಅಂದು ಸಾಯುವವರು ಕಡಿಮೆ. ಸಾವುಗಳು ಗುಂಪುಗೂಡುವುದು ಈ ‘ನಡುವಿನ’ ಹಂತದಲ್ಲಿಯೇ. ಮಧ್ಯಮ ಎಂಬುದರ ಬದಲು ‘ತೀವ್ರ’ ಎಂದೋ ‘ಗಂಭೀರ’ ಎಂದೋ ಬರೆಯುವುದರಲ್ಲಿ ಒಬ್ಬ ಓದುಗ ಮನೆಯಲ್ಲಿಯೇ ಉಳಿದಾನು. ಪದಕೋಶದ ಕೆಲಸವನ್ನು ನೀರಸವೆನ್ನುವ ವಿದ್ಯಾರ್ಥಿಗಳು ಇದನ್ನು ಒಮ್ಮೆ ಯೋಚಿಸಬೇಕು.

ಹೊರಡಲೇಬೇಕಾದವರಿಗೆ ಬೇಕಾದ ಸಲಕರಣೆಗಳು ಮೂರು, ಅವಕ್ಕೂ ಕನ್ನಡದ ಹೆಸರುಗಳು ಕಷ್ಟವಲ್ಲ. ಹೂತವನು ಎಲ್ಲಿದ್ದಾನೆಂದು ತರಂಗದ ಮೂಲಕ ಸೂಚಿಸುವ ಕೈಯಳತೆಯ ಸಾಧನ, ಚುಚ್ಚಿ ನೋಡುವ ಮಡಿಸುಗೋಲು, ಸಲಿಕೆ. ಇವು ತಂಡದ ಪ್ರತಿಯೊಬ್ಬರ ಬಳಿಯೂ ಇರಬೇಕು, ಬಳಸಿ ಅಭ್ಯಾಸವೂ ಆಗಿರಬೇಕು. ಹೊರಗಿನಿಂದ ನೆರವು ಬರುವಷ್ಟು ಹೊತ್ತು ಹಿಮ ಕೊಡುವುದಿಲ್ಲ. ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಹತ್ತರಲ್ಲಿ ಒಂಬತ್ತರಷ್ಟು ಮಂದಿ ಬದುಕುತ್ತಾರೆ. ಅರ್ಧ ತಾಸು ಕಳೆದರೆ ಆ ಲೆಕ್ಕ ಮೂರರಲ್ಲಿ ಒಬ್ಬರಿಗೆ ಕುಸಿಯುತ್ತದೆ. ಆರು ದಿನ ಉಳಿದ ಬೆಟದೂರಿನ ಯೋಧನ ಸಂಗತಿ ಆ ಲೆಕ್ಕಕ್ಕೆ ಸಿಗುವಂಥದ್ದಲ್ಲ; ಅದನ್ನು ನೆಚ್ಚಿ ಯಾರೂ ಬೆಟ್ಟ ಹತ್ತಲಾಗದು.

ಸಲಕರಣೆಗಿಂತ ಕಷ್ಟವಾದದ್ದು ಹಿಂದಿರುಗುವ ನಿರ್ಧಾರ. ರಜೆ ಮುಗಿಯುತ್ತದೆ, ಹಣ ಕಟ್ಟಿ ಆಗಿದೆ, ತುದಿ ಕಣ್ಣೆದುರಿಗಿದೆ, ಮುಂದಿನ ತಂಡ ಹೋಗಿ ಬಂದ ಹೆಜ್ಜೆಗಳೂ ಇವೆ. ಹೆಜ್ಜೆ ಇದೆಯೆಂದರೆ ಹಾದಿ ಗಟ್ಟಿಯೆಂದು ಮನಸ್ಸು ವಾದಿಸುತ್ತದೆ. ಅದೇ ಹಾಸಿನ ಮೇಲೆ ಇಪ್ಪತ್ತು ಮಂದಿ ದಾಟಿ, ಇಪ್ಪತ್ತೊಂದನೆಯವನಿಗೆ ಕಳಚುವುದುಂಟು. ಈ ವಿಷಯದಲ್ಲಿ ಮಾಡಗ್ಯಾಳದ ಕುರಿಗಾರನನ್ನು ನೆನೆಯದಿರುವುದು ಕಷ್ಟ. ಅವನು ಹಿಮವನ್ನು ಕಂಡವನಲ್ಲ. ಆದರೆ ಹಿಂಡಿನೊಂದಿಗೆ ತಿಂಗಳುಗಟ್ಟಲೆ ನಡೆಯುವವನು, ಮೋಡ ನೋಡಿ ಹಳ್ಳ ದಾಟದೆ ಈಚೆ ದಂಡೆಯಲ್ಲಿಯೇ ಎರಡು ರಾತ್ರಿ ಕೂರಬಲ್ಲವನು. ಆಚೆ ದಂಡೆಯ ಹುಲ್ಲು ಕಣ್ಣಿಗೆ ಕಾಣುತ್ತಿದ್ದರೂ ಕೂರುತ್ತಾನೆ. ಹಿಮಾಚಲದ ಗದ್ದಿ ಕುರಿಗಾರರು ಕಣಿವೆಯ ನೆತ್ತಿಗಳನ್ನು ಬೇಸಗೆಯಲ್ಲಿಯೂ ನಸುಕಿನಲ್ಲಿಯೇ, ರಾತ್ರಿಯ ಚಳಿಗೆ ಹಿಮ ಬಿಗಿದಿರುವಾಗಲೇ, ದಾಟಲು ನೋಡುತ್ತಾರೆ. ಎರಡೂ ಕಡೆಯವರಿಗೆ ದಿನ ಕಳೆದುಹೋಯಿತೆಂಬ ಅವಸರವಿಲ್ಲ. ನಾಳೆಯೂ ನಡೆಯಬೇಕಾಗಿದೆ ಎಂಬ ಎಣಿಕೆಯಿದೆ.

ಪದಗಳಿಗೆ ಮರಳುವುದಾದರೆ, ಹಿಮಕುಸಿತ ಎಂಬುದನ್ನು ಒಪ್ಪಿದರೆ ಉಳಿದವಕ್ಕೆ ದಾರಿ ತೆರೆಯುತ್ತದೆ. ಗಾಳಿ ಒತ್ತಿ ಗಟ್ಟಿಮಾಡಿದ ಮೇಲ್ಪದರಕ್ಕೆ ‘ಹಾಸು’ ಸಾಕು. ಅದರ ಕೆಳಗಿನದು ‘ಸಡಿಲ ಪದರ’. ಹಿಮ ಜಾರಿ ಬಂದು ಆಳವಾಗಿ ತುಂಬಿಕೊಳ್ಳುವ ಇಕ್ಕಟ್ಟಿನ ತಗ್ಗಿಗೆ ಉತ್ತರ ಕರ್ನಾಟಕದ ‘ಕೊಳ್ಳ’ಕ್ಕಿಂತ ಒಳ್ಳೆಯ ಪದ ಯಾವ ಕೋಶದಲ್ಲಿಯೂ ಸಿಗಲಾರದು. ಬೆಟ್ಟದ ಏಣಿನ ಅಂಚಿನಿಂದ ಆಚೆಗೆ ಗಾಳಿ ಚಾಚಿಸಿದ, ಕೆಳಗೆ ಆಧಾರವಿಲ್ಲದ ಹಿಮದ ತುಟಿಗೆ ‘ಸೂರು’ ಎನ್ನಬಹುದೇ ಎಂಬುದು ಚರ್ಚೆಗೆ ಬಿಟ್ಟದ್ದು. ಆಕಾರ ಹೊಂದುತ್ತದೆ. ಅರ್ಥ ಮಾತ್ರ ಎಡವುತ್ತದೆ: ಸೂರಿನ ಕೆಳಗೆ ಜನ ಮಳೆಗೆ ನಿಲ್ಲುತ್ತಾರೆ, ಹಿಮದ ಸೂರಿನ ಮೇಲೆಯೂ ನಿಲ್ಲಬಾರದು, ಕೆಳಗೆಯೂ ನಿಲ್ಲಬಾರದು. ಅದಲ್ಲದೆ ಸೂರು ಮಲೆನಾಡಿನ ಮನೆಯ ಪದ. ಜತ್ತದ ಮಣ್ಣಿನ ಮಾಳಿಗೆಗಳಿಗೆ ಸೂರಿಲ್ಲ, ಹೊಸ ಮನೆಗಳಿಗೆ ಇರುವುದು ಛಜ್ಜಾ. ಕುಸಿಯಲಿರುವ ಭಾವಿಯ ಅಂಚಿಗೆ, ಹಳ್ಳ ಕೊರೆದು ಒಳಗೆ ಪೊಳ್ಳಾಗಿ ಮೇಲೆ ಮಾತ್ರ ಹುಲ್ಲಿರುವ ದಂಡೆಗೆ ಈ ತಾಲೂಕಿನ ಹಳ್ಳಿಗಳಲ್ಲಿ ಬೇರೆ ಹೆಸರಿರಲಿಕ್ಕೂ ಸಾಕು. ದೀಪಾವಳಿಯ ರಜೆಯಲ್ಲಿ ಊರಿಗೆ ಹೋದ ವಿದ್ಯಾರ್ಥಿಗಳು ಭಾವಿ ತೋಡುವವರನ್ನೂ ಕುರಿ ಕಾಯುವವರನ್ನೂ ಕೇಳಿ ಬರೆದು ತಂದರೆ ವಿಭಾಗದ ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಸ್ಥಳವಿದೆ.